ಪ್ಲೇಟಿನ ಮೇಲೊಂದು, ಪ್ಲಗ್ಗಿನಲ್ಲೊಂದು: ವೋಲ್ಟೇಜ್ ಹೊಂದದೆ ಕೆಡುವ ಸಾಧನಗಳ ದೋಷ ನಿವಾರಣೆ

ಬಲ್ಬು ತಿಂಗಳಿಗೊಂದು ಹೋಗುತ್ತಿದೆ. ಫ್ರಿಜ್ಜು ಸಂಜೆ ಹೊತ್ತು ಗುಂಯ್ ಅಂದು ನಿಂತುಬಿಡುತ್ತದೆ. ಹೊರದೇಶದಿಂದ ಬಂದ ಮಿಕ್ಸಿ ಸ್ವಿಚ್ ಹಾಕಿದ ಕೂಡಲೇ ಹೊಗೆ ಬಿಟ್ಟಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಭಾಗ ಬದಲಿಸಲು ಹೋಗುತ್ತಾರೆ. ಅದಕ್ಕೂ ಮುಂಚೆ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಪ್ಲಗ್ ಪಾಯಿಂಟಿನಲ್ಲಿ ಈಗ ಎಷ್ಟು ವೋಲ್ಟ್ ಬರುತ್ತಿದೆ, ಸಾಧನದ ನೇಮ್‌ಪ್ಲೇಟಿನಲ್ಲಿ ಎಷ್ಟು ಅಚ್ಚಾಗಿದೆ, ಡಬ್ಬಿ ಅಥವಾ ಕ್ಯಾಟಲಾಗಿನಲ್ಲಿ ಏನು ಬರೆದಿದೆ. ಈ ಮೂರೂ ಒಂದೇ ಅಲ್ಲ.

ನೇಮ್‌ಪ್ಲೇಟಿನಲ್ಲಿರುವುದು ರೇಟಿಂಗ್. ಅದನ್ನು ಘೋಷಿಸುವವರು ತಯಾರಕರು. ಸುರಕ್ಷತಾ ಪರೀಕ್ಷೆ ನಡೆಯುವುದು ಆ ಅಂಕಿಯನ್ನೇ ಆಧಾರವಾಗಿಟ್ಟುಕೊಂಡು. ಮನೆಬಳಕೆಯ ಸಾಧನಗಳಿಗೆ ನಮ್ಮಲ್ಲಿರುವ ಮಾನಕ ಐಎಸ್ 302. ಅದರ ಪ್ರಕಾರ ಮೋಟಾರಿನ ಸಾಧನ ಎಷ್ಟು ಬಿಸಿಯಾಗುತ್ತದೆ ಎಂದು ನೋಡುವಾಗ ರೇಟಿಂಗಿನ 0.94ರಿಂದ 1.06 ಪಟ್ಟಿನವರೆಗಿನ ವೋಲ್ಟೇಜಿನಲ್ಲಿ ಅತಿ ಪ್ರತಿಕೂಲವಾದದ್ದನ್ನು ಕೊಟ್ಟು ಓಡಿಸುತ್ತಾರೆ. 230 ಎಂದು ಬರೆದಿದ್ದರೆ ಅದು 216ರಿಂದ 244 ವೋಲ್ಟ್. ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಕಾಯಿಸುವ ಸಾಧನಗಳನ್ನು ರೇಟೆಡ್ ವ್ಯಾಟಿನ 1.15 ಪಟ್ಟು ಎಳೆಯುವಂತೆ ಮಾಡಿ ನೋಡುತ್ತಾರೆ. ಕ್ಯಾಟಲಾಗಿನಲ್ಲಿರುವುದು ಸ್ಪೆಸಿಫಿಕೇಶನ್. ‘145ರಿಂದ 290 ವೋಲ್ಟ್‌ನಲ್ಲೂ ಕೆಲಸ ಮಾಡುತ್ತದೆ’ ಎಂಬ ಸಾಲು ಸಾಧನದ ಸಾಮರ್ಥ್ಯದ ಬಗ್ಗೆ ಕೊಟ್ಟ ಮಾತು. ಆ ಇಡೀ ವ್ಯಾಪ್ತಿಯಲ್ಲಿ ಸುರಕ್ಷತಾ ಪರೀಕ್ಷೆ ಆಗಿದೆ ಎಂದು ಅದರಿಂದ ತಿಳಿಯಬಾರದು.

ಇನ್ನೊಂದು ಭೇದ ಇದೆ. ಅಂಗಡಿಯಲ್ಲೂ ರಿಪೇರಿಯಲ್ಲೂ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ವೈರು, ಸ್ವಿಚ್ಚು, ಕೆಪಾಸಿಟರ್, ಫ್ಯೂಸು ಇವುಗಳ ಮೇಲಿನ ವೋಲ್ಟೇಜು ಮೀರಬಾರದ ಮಿತಿ. 1100 ವೋಲ್ಟ್ ಎಂದು ಅಚ್ಚಾದ ವೈರಿನಲ್ಲಿ 230 ಹರಿದರೆ ಏನೂ ತೊಂದರೆಯಿಲ್ಲ. ಹೀಟರ್ ಕಾಯಿಲು, ಮೋಟಾರು, ರಿಲೇಯ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚಿನ) ಕಾಯಿಲು ಇವುಗಳ ಮೇಲಿನ ವೋಲ್ಟೇಜು ಅವಕ್ಕೆ ಬೇಕೇಬೇಕಾದ ಅಳತೆ. ಅಲ್ಲಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಯಾವ ಅಂಕಿ ನೋಡಿದರೂ ಇದು ಮಿತಿಯೋ, ಬೇಕಾದದ್ದೋ ಎಂದು ಮೊದಲು ಕೇಳಿಕೊಳ್ಳಿ.

ಅಳೆಯುವ ಮುಂಚೆ

ಮಲ್ಟಿಮೀಟರಿಗೂ ರೇಟಿಂಗ್ ಇದೆ. ಪ್ರೋಬ್ ಸಿಕ್ಕಿಸುವ ತೂತಿನ ಪಕ್ಕ ‘ಕ್ಯಾಟ್ 3, 600 ವೋಲ್ಟ್’ ಎಂಬ ಸುರಕ್ಷತಾ ದರ್ಜೆ ಅಚ್ಚಾಗಿರುವುದನ್ನೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ ಪಡೆಯಿರಿ. ಡಿಬಿ, ಅಂದರೆ ಮನೆಯ ಸಾಲುಗಳಿಗೆ ಕರೆಂಟು ಹಂಚುವ ಪೆಟ್ಟಿಗೆಯ ತನಕ ಅಳೆಯಲು ಇದು ಬೇಕು. ಏನೂ ಬರೆಯದ ಅಗ್ಗದ ಮೀಟರನ್ನು ಬ್ಯಾಟರಿ ನೋಡಲು ಮಾತ್ರ ಇಟ್ಟುಕೊಳ್ಳಿ.

ಕೆಂಪು ಪ್ರೋಬ್ ‘10 ಆಂಪಿಯರ್’ ತೂತಿನಲ್ಲಿ ಉಳಿದಿದೆಯೇ ಎಂದು ಪ್ರತಿ ಸಲ ನೋಡಿ. ಅದೇ ಸ್ಥಿತಿಯಲ್ಲಿ ಪ್ಲಗ್ಗಿಗೆ ಚುಚ್ಚಿದರೆ ನೇರ ಶಾರ್ಟು: ಪ್ರೋಬಿನ ತುದಿ ಕರಗುತ್ತದೆ, ಕೈ ಸುಡುತ್ತದೆ. ಡಯಲನ್ನು ಎಸಿ ವೋಲ್ಟ್, 600ರ ರೇಂಜಿಗೆ ಇಡಿ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿಯಿರಲಿ. ಪ್ಲಗ್ ಪಾಯಿಂಟಿನಿಂದಾಚೆಗೆ, ಅಂದರೆ ಸ್ವಿಚ್ ಬೋರ್ಡು ಬಿಚ್ಚಿ ಅಥವಾ ಡಿಬಿ ತೆರೆದು ಅಳೆಯುವ ಕೆಲಸ ಎಲೆಕ್ಟ್ರಿಷಿಯನ್‌ನದು.

ಕರೆಂಟು ತರುವ ತಂತಿ ಫೇಸ್, ಅದು ಮರಳುವ ತಂತಿ ನ್ಯೂಟ್ರಲ್, ನೆಲಕ್ಕೆ ಇಳಿಯುವ ತಂತಿ ಅರ್ಥ್. ಒಂದು ಪಾಯಿಂಟಿನಲ್ಲಿ ಮೂರು ಅಳತೆ ತೆಗೆಯಿರಿ: ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್. ಮೊದಲ ಎರಡು ಹೆಚ್ಚುಕಡಿಮೆ ಒಂದೇ ಇರಬೇಕು, ಮೂರನೆಯದು ಒಂದೆರಡು ವೋಲ್ಟ್. ನ್ಯೂಟ್ರಲ್–ಅರ್ಥ್ ನಡುವೆ 10 ದಾಟಿದರೆ ನ್ಯೂಟ್ರಲ್ ಎಲ್ಲೋ ಸಡಿಲ ಅಥವಾ ಅದರ ಮೇಲೆ ಹೊರೆ ಹೆಚ್ಚು. ಫೇಸ್–ಅರ್ಥ್ ಏನೂ ತೋರಿಸದಿದ್ದರೆ ಅರ್ಥಿಂಗ್ ಇಲ್ಲ.

ಎಲ್‌ಇಡಿ ಬಲ್ಬು, ಚಾರ್ಜರ್ ಪದೇ ಪದೇ ಹೋಗುತ್ತಿವೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಒಂದೇ ಹೋಲ್ಡರಿನಲ್ಲಿ ಮಾತ್ರ ಬಲ್ಬು ಹೋಗುತ್ತಿದ್ದರೆ ವೋಲ್ಟೇಜಿನ ಮಾತು ಬಿಡಿ. ಮುಚ್ಚಿದ ಗಾಜಿನ ಗ್ಲೋಬಿನೊಳಗೆ ಬಿಸಿ ಹೊರಹೋಗದೆ ಡ್ರೈವರ್ (ಬಲ್ಬಿನೊಳಗೆ ಕರೆಂಟನ್ನು ಹದಮಾಡಿ ಕೊಡುವ ಸರ್ಕ್ಯೂಟು) ಸಾಯುತ್ತದೆ, ಇಲ್ಲವೇ ಹೋಲ್ಡರಿನ ಸ್ಪ್ರಿಂಗ್ ಸಡಿಲವಾಗಿ ಒಳಗೇ ಕಿಡಿ ಹಾರುತ್ತಿರುತ್ತದೆ. ಮನೆಯ ಎಲ್ಲ ಕಡೆ ಹೋಗುತ್ತಿದ್ದರೆ ಬೆಳಗ್ಗೆ 6, ಮಧ್ಯಾಹ್ನ 2, ಸಂಜೆ 7.30, ರಾತ್ರಿ 11 ಗಂಟೆಗೆ ಅಳೆದು ಬರೆದಿಡಿ. ನಡುರಾತ್ರಿ ಬೀದಿಯ ಹೊರೆ ಇಳಿದಾಗ ವೋಲ್ಟೇಜು ಏರುವುದು ಸಹಜ. 230ಕ್ಕೆ ಶೇ. 6 ಹೆಚ್ಚುಕಡಿಮೆ ಎಂದರೆ ಮೇಲಿನ ಮಿತಿ 244. ದಿನದಿನವೂ ಅದಕ್ಕಿಂತ ಮೇಲಿದ್ದರೆ ಬೆಸ್ಕಾಂನ 1912ಕ್ಕೆ ದೂರು ಕೊಡಿ. ಬಿಲ್ಲಿನಲ್ಲಿರುವ ಆರ್.ಆರ್. ನಂಬರು, ಅಳೆದ ದಿನ, ಹೊತ್ತು, ವೋಲ್ಟು ಇಷ್ಟನ್ನೂ ಹೇಳಿ. ‘ಕರೆಂಟು ಸರಿಯಿಲ್ಲ’ ಎಂಬ ದೂರಿಗಿಂತ ‘ಮೂರು ದಿನದಿಂದ ರಾತ್ರಿ 11ಕ್ಕೆ 258 ಇದೆ’ ಎಂಬುದನ್ನು ಹಿಡಿದು ಲೈನ್‌ಮನ್ ಟ್ರಾನ್ಸ್‌ಫಾರ್ಮರಿನ ತನಕ ಹೋಗಬಹುದು.

ಎಲ್‌ಇಡಿ ಬಲ್ಬಿನ ಬೆಳಕು ನೋಡಿ ವೋಲ್ಟೇಜು ಊಹಿಸಬೇಡಿ. ಒಳಗಿರುವ ಡ್ರೈವರ್ ಏರಿಳಿತವನ್ನು ಮುಚ್ಚಿಡುತ್ತದೆ. ರೆಗ್ಯುಲೇಟರ್ ಮುಟ್ಟದೆಯೇ ಫ್ಯಾನಿನ ವೇಗ ಬದಲಾದರೆ ಅದನ್ನು ನಂಬಬಹುದು.

ಒಂದು ಕೋಣೆಯ ಫ್ಯಾನು ಜೋರು, ಇನ್ನೊಂದರದು ನಿಧಾನ

ತ್ರೀ ಫೇಸ್ ಸಂಪರ್ಕದ ಮನೆಯಲ್ಲಿ ಈ ಲಕ್ಷಣ ಕಂಡರೆ ಇನ್ನೇನನ್ನೂ ಅಳೆಯುತ್ತ ನಿಲ್ಲಬೇಡಿ. ಮೇನ್ ಸ್ವಿಚ್ ಆರಿಸಿ. ನ್ಯೂಟ್ರಲ್ ಕಳಚಿದಾಗ, ಅಥವಾ ಕಳಚುವ ಹಂತದಲ್ಲಿರುವಾಗ, ಹೀಗಾಗುತ್ತದೆ.

ನ್ಯೂಟ್ರಲ್ ಇದ್ದಾಗ ಪ್ರತಿ ಫೇಸಿನ ಕೋಣೆಗೂ ಬೇರೆ ಬೇರೆಯಾಗಿ 230 ಸಿಗುತ್ತದೆ. ಅದು ಹೋದಾಗ ಎರಡು ಫೇಸಿನ ಸಾಧನಗಳು ಒಂದರ ಹಿಂದೊಂದು ಪೋಣಿಸಿಕೊಂಡು, ಫೇಸಿನಿಂದ ಫೇಸಿಗೆ ಇರುವ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮಪಾಲಲ್ಲ. ಒಂದು ಫೇಸಿನಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ 100 ವ್ಯಾಟಿನಷ್ಟು ಮಾತ್ರ ಹೊರೆ ಇದ್ದರೆ ಇಸ್ತ್ರಿಪೆಟ್ಟಿಗೆಗೆ ಸುಮಾರು 36 ವೋಲ್ಟ್, ಇನ್ನೊಂದಕ್ಕೆ ಸುಮಾರು 364. ಕಡಿಮೆ ಹೊರೆಯ ಕಡೆಯೇ ಸುಡುತ್ತದೆ. ಟಿವಿ, ವೈಫೈ ಪೆಟ್ಟಿಗೆ, ಚಾರ್ಜರ್‌ಗಳು ಮೊದಲು ಹೋಗುವುದು ಈ ಕಾರಣಕ್ಕೆ. ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ ಇಲ್ಲಿ ಕಾಪಾಡುವುದಿಲ್ಲ, ಏಕೆಂದರೆ ಅದು ನೋಡುವುದು ಆಂಪಿಯರನ್ನು. ಇಲ್ಲಿ ಏರಿರುವುದು ವೋಲ್ಟೇಜು.

ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಮನೆಗೆ ಸಿಂಗಲ್ ಫೇಸ್ ಇದ್ದರೂ ಕಟ್ಟಡದ ಮುಖ್ಯ ಕೇಬಲಿನ ನ್ಯೂಟ್ರಲ್ ಸಡಿಲವಾದರೆ ಇದೇ ಆಗುತ್ತದೆ: ನಿಮಗೆ 300, ಪಕ್ಕದವರಿಗೆ 150. ವಾಚ್‌ಮನ್‌ಗೂ ಪಕ್ಕದ ಮನೆಯವರಿಗೂ ಕೂಡಲೇ ತಿಳಿಸಿ. ಮೀಟರಿಗಿಂತ ಆಚೆಯ ದೋಷಕ್ಕೆ 1912, ಮೀಟರಿನಿಂದ ಈಚೆಗೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರ.

ಗೀಸರ್ ನೀರು ಕಾಯಲು ಹೊತ್ತು, ಫ್ರಿಜ್ಜು ಹತ್ತುವುದೇ ಇಲ್ಲ

ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ಗೆ 2000 ವ್ಯಾಟಿನ ಗೀಸರ್ 190 ವೋಲ್ಟ್‌ನಲ್ಲಿ ಕೊಡುವುದು 1365 ವ್ಯಾಟ್ ಮಾತ್ರ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ತರಲು 21 ನಿಮಿಷ ಸಾಕಾಗುತ್ತಿದ್ದದ್ದು 31 ನಿಮಿಷವಾಗುತ್ತದೆ. ಗೀಸರ್ ಕೆಟ್ಟಿಲ್ಲ. ನೇಮ್‌ಪ್ಲೇಟನ್ನು ಸರಿಯಾಗಿ ಓದಿ: 2000 ವ್ಯಾಟ್ ಎಂದಿರುವುದು 240 ವೋಲ್ಟ್‌ಗಾಗಿದ್ದರೆ 230ರಲ್ಲಿ ಅದು 1837 ವ್ಯಾಟ್ ಅಷ್ಟೆ. ಎರಡು ಗೀಸರ್‌ಗಳನ್ನು ಹೋಲಿಸುವಾಗ ವ್ಯಾಟಿನ ಜೊತೆ ಅದರ ವೋಲ್ಟೇಜನ್ನೂ ನೋಡಬೇಕು.

ಕಾಯಿಲಿಗೆ ಕಡಿಮೆ ವೋಲ್ಟೇಜು ಅಪಾಯವಲ್ಲ, ಮೋಟಾರಿಗೆ ಅಪಾಯ. 180 ವೋಲ್ಟ್‌ನಲ್ಲಿ ಸಾಮಾನ್ಯ ಕಂಪ್ರೆಸರಿನ ತಿರುಗುಬಲ ಹೆಚ್ಚುಕಡಿಮೆ ಶೇ. 61ಕ್ಕೆ ಕುಸಿಯುತ್ತದೆ. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ನಿಂತಲ್ಲೇ ಹೆಚ್ಚು ಕರೆಂಟು ಎಳೆಯುತ್ತದೆ, ಕೆಲವು ಸೆಕೆಂಡಿಗೆ ‘ಟಿಕ್’ ಅಂತ ಓವರ್‌ಲೋಡ್ ರಕ್ಷಕ ಕರೆಂಟು ಕಡಿಯುತ್ತದೆ, ತಣಿದ ಮೇಲೆ ಮತ್ತೆ ಅದೇ. ಈ ಗುಂಯ್–ಟಿಕ್ ಸರಣಿ ಕೇಳಿಸಿದರೆ ಪ್ಲಗ್ಗು ತೆಗೆದುಬಿಡಿ. ವೋಲ್ಟೇಜು ಸರಿಯಾದ ಮೇಲೂ ಕನಿಷ್ಠ ಐದು ನಿಮಿಷ ಬಿಟ್ಟೇ ಹಾಕಬೇಕು, ಗ್ಯಾಸಿನ ಒತ್ತಡ ಇಳಿಯಬೇಕು.

ತಪ್ಪು ಬೀದಿಯದೋ ಮನೆಯದೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಗೀಸರ್ ಆರಿಸಿ, ಅದೇ ಸಾಲಿನ ಪಾಯಿಂಟಿನಲ್ಲಿ ಅಳೆಯಿರಿ. 232 ಬಂತು ಅಂದುಕೊಳ್ಳಿ. ಗೀಸರ್ ಹಾಕಿ ಮತ್ತೆ ಅಳೆಯಿರಿ. 1.5 ಚದರ ಮಿಲಿಮೀಟರ್ ತಾಮ್ರದ ವೈರು 20 ಮೀಟರ್ ದೂರ ಹೋಗಿದ್ದರೆ ಸುಮಾರು 4 ವೋಲ್ಟ್ ಇಳಿಯುವುದು ನ್ಯಾಯ. 205ಕ್ಕೆ ಇಳಿಯಿತೋ, 27 ವೋಲ್ಟ್ ದಾರಿಯಲ್ಲಿ ಎಲ್ಲೋ ಉರಿಯುತ್ತಿದೆ. ಹರಿಯುತ್ತಿರುವುದು ಏಳೂಮುಕ್ಕಾಲು ಆಂಪಿಯರ್. ಅಷ್ಟೂ ಒಂದೇ ಜಾಯಿಂಟಿನಲ್ಲಿ ಬೀಳುತ್ತಿದ್ದರೆ 200 ವ್ಯಾಟ್ ಬಿಸಿ. ಬಟಾಣಿಯಷ್ಟು ಗಾತ್ರದ ಹಿತ್ತಾಳೆ ಸ್ಕ್ರೂವಿನ ಕೆಳಗೆ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಗೋಡೆಯಲ್ಲಿ. ಸ್ವಿಚ್ಚಿನ ಅಂಚು ಕಂದು ಬಣ್ಣಕ್ಕೆ ತಿರುಗಿದೆಯೇ, ಮೀನು ಕೆಟ್ಟಂಥ ವಾಸನೆ ಬರುತ್ತಿದೆಯೇ ನೋಡಿ. ಇದ್ದರೆ ಆ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಬರುವ ತನಕ ಏರಿಸಬೇಡಿ. ಈ ದೋಷಕ್ಕೆ ಸ್ಟೆಬಿಲೈಜರ್ ಹಾಕುವುದಂತೂ ದೊಡ್ಡ ತಪ್ಪು. ಅದು ಇನ್ನೂ ಹೆಚ್ಚು ಕರೆಂಟು ಎಳೆದು ಅದೇ ಜಾಯಿಂಟನ್ನು ಇನ್ನಷ್ಟು ಕಾಯಿಸುತ್ತದೆ.

ಹೊರೆ ಇಲ್ಲದಾಗಲೂ 216ಕ್ಕಿಂತ ಕೆಳಗಿದ್ದರೆ ಅದು ಬೀದಿಯ ದೋಷ. ಆಗ ಸ್ಟೆಬಿಲೈಜರಿಗೆ ಅರ್ಥವಿದೆ. ಅದರ ಡಬ್ಬಿಯ ಮೇಲಿನ ದೊಡ್ಡ ಅಂಕಿ ಒಳಬರುವ ವೋಲ್ಟೇಜಿನ ವ್ಯಾಪ್ತಿ. ನಿಮಗೆ ಬೇಕಾದದ್ದು ಸಣ್ಣಕ್ಷರದಲ್ಲಿರುವ ಹೊರಬರುವ ವೋಲ್ಟೇಜು. ಅದು ಸಾಧನದ ನೇಮ್‌ಪ್ಲೇಟಿಗೆ ಹೊಂದುತ್ತದೆಯೇ ನೋಡಿಯೇ ದುಡ್ಡು ಕೊಡಿ.

ಹೊರದೇಶದ ಸಾಧನ ಹಾಕಿದ ಕೂಡಲೇ ಹೊಗೆ

ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100. 120ರ ಕಾಯಿಲಿಗೆ 230 ಕೊಟ್ಟರೆ ವೋಲ್ಟೇಜು ಎರಡು ಪಟ್ಟಿಗೂ ಕಡಿಮೆ ಏರಿದರೂ ಶಕ್ತಿ 3.67 ಪಟ್ಟು. ಹೊಗೆ ಬಂದಿದ್ದರೆ ಮತ್ತೊಮ್ಮೆ ಹಾಕಿ ನೋಡಬೇಡಿ, ಒಳಗಿನ ಇನ್ಸುಲೇಶನ್ ಬೆಂದಿರುತ್ತದೆ.

ಇನ್ನೂ ಹಾಕಿಲ್ಲವೆಂದರೆ ಪ್ಲೇಟನ್ನು ಬೆಳಕಿಗೆ ಹಿಡಿದು ಓದಿ. ಲ್ಯಾಪ್‌ಟಾಪಿನ ಅಡಾಪ್ಟರಿನಲ್ಲಿ ಹೀಗಿರುತ್ತದೆ: ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್, 1.5 ಆಂಪಿಯರ್, ಔಟ್‌ಪುಟ್ 19 ವೋಲ್ಟ್, 3.42 ಆಂಪಿಯರ್. 100 ಮತ್ತು 240ರ ನಡುವೆ ಅಡ್ಡಗೀಟು ಇದ್ದರೆ ಆ ವ್ಯಾಪ್ತಿಯಲ್ಲಿ ಏನನ್ನೂ ಬದಲಿಸದೆ ಬಳಸಬಹುದು. ಅದೇ ‘115/230’ ಎಂದು ಓರೆಗೀಟು ಇದ್ದರೆ ಎರಡರಲ್ಲಿ ಒಂದನ್ನು ನೀವೇ ಆರಿಸಬೇಕು. ಎಲ್ಲೋ ಹಿಂಬದಿಯಲ್ಲಿ ಒಂದು ಸಣ್ಣ ಕೆಂಪು ಸ್ವಿಚ್ಚು ಇರುತ್ತದೆ, ಅದು 115ರಲ್ಲೇ ಕೂತಿರುತ್ತದೆ. ಒಂದು ಸಣ್ಣ ಗೀಟಿನ ಓರೆಯಲ್ಲಿ ಇಡೀ ಸಾಧನದ ಬಾಳು ನಿಂತಿದೆ. ಹರ್ಟ್ಜಿನ ಮುಂದಿನ ಓರೆಗೀಟಿಗೆ ಸ್ವಿಚ್ಚಿಲ್ಲ. 50 ಆದರೂ ಸರಿ, 60 ಆದರೂ ಸರಿ ಎಂದು ಅರ್ಥ. ಅಲೆಯ ಗುರುತು ಎಸಿ. ಉದ್ದ ಗೀಟಿನ ಕೆಳಗೆ ಮೂರು ತುಂಡುಗೀಟು ಡಿಸಿ.

120 ಎಂದಷ್ಟೇ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಸಾಧನದ ವ್ಯಾಟಿಗಿಂತ ಕಾಲುಭಾಗವಾದರೂ ಹೆಚ್ಚಿನದು. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸಿದರೂ 50 ಹರ್ಟ್ಜನ್ನು 60 ಮಾಡುವುದಿಲ್ಲ. 60ಕ್ಕೆಂದೇ ಮಾಡಿದ ಇಂಡಕ್ಷನ್ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ, ಅದರ ಕಬ್ಬಿಣದ ತಿರುಳು ಕಾಯುತ್ತದೆ. ಅಂಥ ಫ್ರಿಜ್ಜು, ವಾಷಿಂಗ್ ಮೆಷೀನನ್ನು ಹೊತ್ತು ತರುವುದೇ ಬೇಡ.

ಮೈ ಮುಟ್ಟಿದರೆ ಜುಮ್ ಅನ್ನುತ್ತದೆ

ನೇಮ್‌ಪ್ಲೇಟಿನಲ್ಲಿ ಚೌಕದೊಳಗೊಂದು ಚೌಕ ಇದ್ದರೆ ಅದು ಎರಡು ಪದರದ ಇನ್ಸುಲೇಶನ್ನಿನ ಸಾಧನ, ಎರಡು ಪಿನ್ ಸಾಕು. ಆ ಗುರುತಿಲ್ಲದೆ ಲೋಹದ ಮೈ, ಮೂರು ಪಿನ್ ಇದ್ದರೆ ಅರ್ಥ್ ಬೇಕೇಬೇಕು. ದಪ್ಪ ಪಿನ್ನನ್ನು ಮುರಿದು ಎರಡು ಪಿನ್ನಿನ ಪಾಯಿಂಟಿಗೆ ತುರುಕುವ ಅಭ್ಯಾಸ ಇನ್ನೂ ಇದೆ, ದಯವಿಟ್ಟು ಬಿಡಿ. ಮೈಗೂ ಅರ್ಥಿಗೂ ನಡುವೆ ಅಳೆದಾಗ 110ರ ಆಸುಪಾಸು ಬಂದರೆ ಬಹುತೇಕ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಬರುತ್ತಿರುವ ಸಣ್ಣ ಸೋರಿಕೆ, ಅದಕ್ಕೆ ದಾರಿ ಕೊಡಬೇಕಾದ ಅರ್ಥಿಂಗ್ ತುಂಡಾಗಿದೆ. 200 ದಾಟಿದರೆ ಇನ್ಸುಲೇಶನ್ನೇ ಕೆಟ್ಟಿದೆ. ಎರಡರಲ್ಲೂ ಸಾಧನ ಬಳಸುವುದನ್ನು ನಿಲ್ಲಿಸಿ. ಕೈಲಿ ಹಿಡಿದು ಬಳಸುವ ಅರ್ಥಿನ ಸಾಧನಕ್ಕೆ ಮಾನಕ ಒಪ್ಪುವ ಸೋರಿಕೆ 0.75 ಮಿಲಿಆಂಪಿಯರ್. ಸೋರಿಕೆ ಕಂಡರೆ ಕರೆಂಟು ಕಡಿಯುವ ಮನೆಯ ಆರ್‌ಸಿಸಿಬಿ ಸ್ವಿಚ್ಚು ಬೀಳುವುದು 30 ಮಿಲಿಆಂಪಿಯರಿಗೆ. ಅದು ಬಿದ್ದಿಲ್ಲ ಎಂದ ಮಾತ್ರಕ್ಕೆ ಸಾಧನ ಸರಿಯಿದೆ ಎಂದಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಸ್ಪೆಸಿಫಿಕೇಶನ್ನಿನಲ್ಲಿ ‘ತಡೆಯುವ ವೋಲ್ಟೇಜು 3000’ ಎಂದಿರುತ್ತದೆ. ಅದು ಪ್ರಯೋಗಾಲಯದಲ್ಲಿ ಒಂದು ನಿಮಿಷ ಹಾಕಿ ಇನ್ಸುಲೇಶನ್ ಸೀಳುತ್ತದೆಯೇ ಎಂದು ನೋಡುವ ಅಂಕಿ. ಅಂಥ ಸಾಧನವೂ ದಿನವಿಡೀ ಬಾಳುವುದು 230ರಲ್ಲೇ.

ಸೋಲಾರ್ ಅಥವಾ ಬ್ಯಾಟರಿ ಲೈನಿನ ಸ್ವಿಚ್ಚು ಸುಟ್ಟಿದೆ

ಸುಟ್ಟ ಸ್ವಿಚ್ಚಿನ ಮೇಲೆ ‘10 ಆಂಪಿಯರ್, 250 ವೋಲ್ಟ್ ಎಸಿ’ ಎಂದು ಬರೆದಿದ್ದರೆ ಕಾರಣ ಸಿಕ್ಕಿತು. 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ಚು ತೆರೆದಾಗ ಹುಟ್ಟಿದ ಕಿಡಿ ಅಲ್ಲೇ ಆರುತ್ತದೆ. ಡಿಸಿಗೆ ಸೊನ್ನೆಯಿಲ್ಲ, ಕಿಡಿ ಎಳೆದುಕೊಂಡೇ ಉರಿಯುತ್ತದೆ. ಆದ್ದರಿಂದ 250 ಎಸಿಗೆ 10 ಆಂಪಿಯರ್ ತಡೆಯುವ ಎಷ್ಟೋ ರಿಲೇಗಳ ಮೇಲೆ ಡಿಸಿಗೆ 30 ವೋಲ್ಟ್ ಎಂದಷ್ಟೇ ಇರುತ್ತದೆ. ಕಾರಿನ ಚಪ್ಪಟೆ ಫ್ಯೂಸಿನ ಮಿತಿ ಸಾಮಾನ್ಯವಾಗಿ 32 ವೋಲ್ಟ್; ಅದನ್ನು 48 ವೋಲ್ಟ್ ಬ್ಯಾಟರಿಗೆ ಹಾಕಬಾರದು. ತಾರಸಿಯ ಮೇಲೆ ಎಂಟು ಪ್ಯಾನಲ್ ಸಾಲಾಗಿ ಜೋಡಿಸಿದ್ದರೆ 300ರಿಂದ 400 ವೋಲ್ಟ್ ಡಿಸಿ ಇರುತ್ತದೆ, ಬಿಸಿಲಿರುವ ತನಕ ಅದನ್ನು ಆರಿಸುವ ಮಾರ್ಗವೇ ಇಲ್ಲ. ಆ ವೈರಿನ ಕನೆಕ್ಟರನ್ನು ಹೊರೆ ಇರುವಾಗ ಕೀಳಬೇಡಿ. ಇದು ಸೋಲಾರ್ ಅಳವಡಿಸಿದವರನ್ನೇ ಕರೆಸಬೇಕಾದ ಕೆಲಸ.

ಭಾಗ ಬದಲಿಸಿದ ಮೇಲೆ ಮತ್ತೆ ಅದೇ ದೋಷ

ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೇಲೆ 440 ವೋಲ್ಟ್ ಎಂದಿರುತ್ತದೆ. ‘ಮನೆಗೆ ಬರೋದೇ 230, 250ರದ್ದು ಸಾಕು ಸಾರ್’ ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ಕೆಪಾಸಿಟರು ಸುರುಳಿಯ ಜೊತೆ ಸಾಲಾಗಿ ಇರುವುದರಿಂದ ಅದರ ಮೇಲೆ ಬೀಳುವ ವೋಲ್ಟೇಜು ಪ್ಲಗ್ಗಿನ ವೋಲ್ಟೇಜಿಗಿಂತ ಹೆಚ್ಚು. 250ರದ್ದು ಉಬ್ಬಿ ಒಡೆಯುತ್ತದೆ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ 440 ಅಥವಾ ಮೇಲೆ. ಫ್ಯೂಸಿಗೂ ಹೀಗೇ: ಆಂಪಿಯರ್ ಅಷ್ಟೇ, ವೋಲ್ಟ್ ಅಷ್ಟು ಅಥವಾ ಹೆಚ್ಚು.

ವೋಲ್ಟೇಜಿನ ಹೊಡೆತದಿಂದ ಸರ್ಕ್ಯೂಟನ್ನು ಕಾಯುವ ಭಾಗವಾದ ವೇರಿಸ್ಟರ್ ಮಾತ್ರ ಬೇರೆ. 431 ಎಂಬ ಅಚ್ಚಿನದು 275 ವೋಲ್ಟ್ ಎಸಿ ತನಕ ಸುಮ್ಮನಿರುತ್ತದೆ, ಅದರಾಚೆಗಿನ ಹೊಡೆತವನ್ನು ತಾನು ನುಂಗುತ್ತದೆ. ‘ಹೆಚ್ಚು ವೋಲ್ಟಿನದು ಗಟ್ಟಿ’ ಎಂದು ದೊಡ್ಡ ಅಂಕಿಯದನ್ನು ಹಾಕಿದರೆ ಹೊಡೆತವೆಲ್ಲ ಹಿಂದಿನ ಸರ್ಕ್ಯೂಟಿಗೆ ದಾಟುತ್ತದೆ. ಅಷ್ಟೇ ಅಂಕಿಯದನ್ನು ಹಾಕಿ.

ಪ್ಲಗ್ಗು ಬಿಸಿಯಾಗುವ ದೋಷಕ್ಕೆ ವೋಲ್ಟೇಜಿನ ಸಂಬಂಧ ಕಡಿಮೆ. 6 ಆಂಪಿಯರಿನದಕ್ಕೂ 16ರದ್ದಕ್ಕೂ ವೋಲ್ಟೇಜು 250 ಎಂದೇ ಇರುತ್ತದೆ, ನೋಡಬೇಕಾದದ್ದು ಆಂಪಿಯರ್. 2000 ವ್ಯಾಟಿನದನ್ನು 6 ಆಂಪಿಯರ್ ಪಾಯಿಂಟಿಗೆ ಹಾಕಬಾರದು.

ಪ್ಲೇಟು ಸರಿಯಿದೆ, ಸಾಧನ ಸರಿಯಿಲ್ಲ

ಮೂರೂ ಅಂಕಿ ಹೊಂದಿದ ಮೇಲೂ ಹೊಸ ಸಾಧನ ಕೆಟ್ಟರೆ ಆ ಪ್ಲೇಟನ್ನೇ ಅನುಮಾನಿಸಿ. ಐಎಸ್‌ಐ ಗುರುತಿನ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ವೈರಿಗೆ ಐಎಸ್ 694, ಪ್ಲಗ್ಗು–ಸಾಕೆಟ್ಟಿಗೆ ಐಎಸ್ 1293, ಸ್ವಿಚ್ಚಿಗೆ ಐಎಸ್ 3854. ಮೊಬೈಲ್ ಚಾರ್ಜರ್, ಅಡಾಪ್ಟರಿಗೆ ಐಎಸ್‌ಐ ಬದಲು ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಯ ನೋಂದಣಿ ಸಂಖ್ಯೆ. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರ ಯಾವ ವಸ್ತುವಿಗೆ ಕೊಟ್ಟದ್ದೆಂದು ತೋರಿಸುತ್ತದೆ. ಇಮ್ಮರ್ಷನ್ ಹೀಟರಿನ ಮೇಲಿನ ಸಂಖ್ಯೆ ಹಾಕಿದಾಗ ಬೇರೆ ವಸ್ತುವಿನ ಹೆಸರು ಬಂದರೆ ಅದನ್ನು ನೀರಿಗೆ ಇಳಿಸಬೇಡಿ. ಪ್ಲೇಟಿನ, ಬಿಲ್ಲಿನ ಫೋಟೋ ತೆಗೆದು ಅದೇ ಆ್ಯಪಿನಲ್ಲಿ ದೂರು ಕೊಡಿ. ಪ್ಲೇಟು ಕಿತ್ತು ಎಸೆಯಬೇಡಿ, ಸಾಧನವನ್ನು ಗುಜರಿಗೂ ಹಾಕಬೇಡಿ. ದೂರು ಮುಗಿಯುವ ತನಕ ಅದೇ ಸಾಕ್ಷಿ.